ಪ್ರಚಾರದ ಪಕ್ಕದಲ್ಲಿ ಯುದ್ಧವನ್ನೂ ಬರೆದುಕೋ

ಯುದ್ಧದ ನಡುವೆ ಬರುವ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಅಂಕಣ ಬರೆಯಲು ಹೊರಟಿದ್ದೀಯ. ಬರಿ ತಮ್ಮಾ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೆ ಮೊದಲು ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆ. ಪ್ರಚಾರದಲ್ಲಿ ಆ ದಿನ ಏನಾಯಿತು ಎಂಬುದನ್ನು ಎಡಕ್ಕೆ ಬರಿ, ಯುದ್ಧದಲ್ಲಿ ಅದೇ ದಿನ ಏನಾಯಿತು ಎಂಬುದನ್ನು ಬಲಕ್ಕೆ. ಎಡಗಡೆಯನ್ನು ಟಿ.ವಿ.ಯೇ ತುಂಬಿಕೊಡುತ್ತದೆ. ಬಲಗಡೆಯದನ್ನು ಹುಡುಕಿ ತರುವುದಕ್ಕೇ ಅಂಕಣಕಾರನಿಗೆ ಸಂಬಳ. (ಕನ್ನಡದಲ್ಲಿ ಅಂಕಣಕಾರನಿಗೆ ಸಂಬಳ ಎಲ್ಲಿ ಅಂತ ಕೇಳಬೇಡ. ಆ ಮಾತು ಇನ್ನೊಂದು ದಿನಕ್ಕಿರಲಿ.)

ಕೈ ಪಳಗಲಿಕ್ಕೆ 2004ರ ಅಮೆರಿಕ ಚುನಾವಣೆಗಿಂತ ಒಳ್ಳೆಯ ಪಾಠ ಸಿಗದು. ಜಾರ್ಜ್ ಬುಷ್ ಎರಡನೇ ಅವಧಿಗೆ ನಿಂತಿದ್ದರು, ಎದುರಿಗೆ ಮ್ಯಾಸಚೂಸೆಟ್ಸ್‌ನ ಸೆನೆಟರ್ ಜಾನ್ ಕೆರಿ. ಇರಾಕ್ ಮೇಲಿನ ದಾಳಿ 2003ರ ಮಾರ್ಚ್‌ನಲ್ಲಿ ಶುರುವಾಗಿತ್ತು. ಮೇ 1ರಂದು ಬುಷ್ ವಿಮಾನವಾಹಕ ನೌಕೆಯೊಂದರ ಮೇಲೆ ಬಂದಿಳಿದು, ಕಾರ್ಯ ಈಡೇರಿತು ಎಂಬ ಬ್ಯಾನರಿನ ಕೆಳಗೆ, ಪ್ರಮುಖ ಕಾಳಗ ಮುಗಿಯಿತೆಂದು ಭಾಷಣ ಮಾಡಿದರು. ಆ ನೌಕೆಯ ಹೆಸರು ಅಬ್ರಹಾಂ ಲಿಂಕನ್. ಲಿಂಕನ್ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ 2004ರ ಆಗಸ್ಟ್ ತೆಗೆ. ಜುಲೈ ಕೊನೆಯಲ್ಲಿ ಬಾಸ್ಟನ್ನಿನ ಪಕ್ಷದ ಅಧಿವೇಶನದಲ್ಲಿ ಕೆರಿ ಸೆಲ್ಯೂಟ್ ಹೊಡೆದು, ಕರ್ತವ್ಯಕ್ಕೆ ಹಾಜರಾಗಿದ್ದೇನೆ ಎಂದು ಮಾತು ಶುರು ಮಾಡಿದ್ದರು. ವಿಯೆಟ್ನಾಂ ನದಿಗಳಲ್ಲಿ ಗಸ್ತು ದೋಣಿ ನಡೆಸಿ ಪದಕ ಪಡೆದವರು ಅವರು. ಆಗಸ್ಟ್ ಬಂದದ್ದೇ ತಡ, ಅಂಥದೇ ದೋಣಿಗಳಲ್ಲಿದ್ದ ಕೆಲವು ಮಾಜಿ ಯೋಧರ ಗುಂಪು ಆ ಪದಕಗಳೇ ಸುಳ್ಳೆಂದು ಜಾಹೀರಾತು ಹೊರಡಿಸಿತು. ನೌಕಾಪಡೆಯ ದಾಖಲೆಗಳು ಕೆರಿ ಪರವಾಗಿದ್ದವು. ಆದರೂ ಇಡೀ ತಿಂಗಳು 1969ರಲ್ಲಿ ಮೆಕಾಂಗ್ ನದೀಮುಖದಲ್ಲಿ ಯಾರು ಯಾರಿಗೆ ಗುಂಡು ಹಾರಿಸಿದರು ಎಂಬುದೇ ಚರ್ಚೆ. ಹಾಳೆಯ ಬಲಗಡೆ ನೋಡು: ಅದೇ ಆಗಸ್ಟ್‌ನಲ್ಲಿ ನಜಫ್ ಊರಿನ ವಿಶಾಲ ಕಬರಸ್ತಾನದೊಳಗೆ, ಇಮಾಂ ಅಲಿ ದರ್ಗಾದ ಸುತ್ತ, ಶಿಯಾ ಧರ್ಮಗುರು ಮುಕ್ತದಾ ಅಲ್ ಸದರ್‌ನ ಪಡೆಗೂ ಅಮೆರಿಕದ ಸೈನಿಕರಿಗೂ ಮೂರು ವಾರ ಕಾದಾಟ. ಚಿಕಿತ್ಸೆಗೆಂದು ಲಂಡನ್ನಿಗೆ ಹೋಗಿದ್ದ ಶಿಯಾಗಳ ಹಿರಿಯ ಧರ್ಮಗುರು ಅಯಾತುಲ್ಲಾ ಸಿಸ್ತಾನಿ ತಿರುಗಿ ಬಂದು ರಾಜಿ ಮಾಡಿಸುವ ತನಕ ಅದು ನಿಲ್ಲಲಿಲ್ಲ. ಮೂವತ್ತೈದು ವರ್ಷ ಹಳೆಯ ಯುದ್ಧಕ್ಕೆ ಸಿಕ್ಕ ಜಾಗ ಕಣ್ಣೆದುರಿನ ಯುದ್ಧಕ್ಕೆ ಸಿಗಲಿಲ್ಲ.

ಇದು ಎದುರಾಳಿಗಳ ಕುತಂತ್ರ ಮಾತ್ರ ಅಂತ ಬರೆದು ಕೈ ತೊಳೆದುಕೊಳ್ಳಬೇಡ. ಯುದ್ಧಕ್ಕೆ ಅಧಿಕಾರ ಕೊಟ್ಟ 2002ರ ಅಕ್ಟೋಬರ್ ನಿರ್ಣಯಕ್ಕೆ ಕೆರಿ ಕೂಡ ಮತ ಹಾಕಿದ್ದರು. 2004ರ ಆಗಸ್ಟ್ 9ರಂದು ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ನಿಂತು, ಈಗ ಗೊತ್ತಿರುವುದೆಲ್ಲ ಆಗ ಗೊತ್ತಿದ್ದರೂ ಆ ಅಧಿಕಾರಕ್ಕೆ ಮತ ಹಾಕುತ್ತಿದ್ದೆ ಎಂದೂ ಹೇಳಿದರು. ಯುದ್ಧ ಸರಿಯೋ ತಪ್ಪೋ ಎಂಬಲ್ಲಿ ಬುಷ್‌ಗಿಂತ ಬೇರೆಯಾಗಿ ನಿಲ್ಲಲಾಗದವರು ಎದೆಯ ಪದಕ ತೋರಿಸಿದರು. ಚರ್ಚೆಯನ್ನು ಯುದ್ಧದಿಂದ ತಮ್ಮ ಶೌರ್ಯಕ್ಕೆ ಎಳೆದು ತಂದವರು ಮೊದಲು ಅವರೇ, ಎದುರಾಳಿಗಳು ಬಂದು ಅಲ್ಲೇ ಹೊಡೆದರು. ಕೆರಿ ಸೋತದ್ದು ಅಲ್ಲಿ ಎಂಬುದು ನನ್ನ ತೀರ್ಪು. ನಿನಗೆ ಬೇರೆ ಕಂಡರೆ ಬೇರೆ ಬರಿ.

ಸೆಪ್ಟೆಂಬರ್‌ನಲ್ಲೂ ಅದೇ ಕಥೆ. 7ನೇ ತಾರೀಕಿಗೆ ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕರ ಲೆಕ್ಕ ಸಾವಿರ ದಾಟಿತು. ಮರುದಿನವೇ ಸಿಬಿಎಸ್ ವಾಹಿನಿ, ಬುಷ್ ಯೌವನದಲ್ಲಿ ಟೆಕ್ಸಾಸಿನ ನ್ಯಾಷನಲ್ ಗಾರ್ಡ್‌ನಲ್ಲಿ ಹೇಗಿದ್ದರು ಎಂಬ ಬಗ್ಗೆ ಕೆಲವು ಕಾಗದ ತೋರಿಸಿತು. ಆ ಅಕ್ಷರ 1970ರ ದಶಕದ ಟೈಪ್‌ರೈಟರಿನದೋ, ಕಂಪ್ಯೂಟರಿನದೋ ಎಂಬ ಜಗಳ ಎರಡು ವಾರ ನಡೆಯಿತು. 20ರಂದು ವಾಹಿನಿ, ಈ ಕಾಗದಗಳು ಅಸಲಿ ಎಂದು ತನ್ನಿಂದ ಸಾಬೀತು ಮಾಡಲಾಗದು ಎಂದು ಒಪ್ಪಿಕೊಂಡಿತು. ಸಾವಿರ ಸಾವು ಎಲ್ಲಿ ಹೋಯಿತು? ಒಳಪುಟಕ್ಕೆ.

ಜನ ನಕ್ಕು ಬಿಟ್ಟ ಮಾತುಗಳನ್ನು ನೀನು ನಗದೆ ಒಮ್ಮೆ ಓದಬೇಕು. ಇರಾಕ್ ಮತ್ತು ಆಫ್ಘಾನಿಸ್ತಾನಕ್ಕೆ ಬೇಕಿದ್ದ 8,700 ಕೋಟಿ ಡಾಲರ್ ವಿಷಯದಲ್ಲಿ ಕೆರಿ, ವಿರೋಧವಾಗಿ ಮತ ಹಾಕುವ ಮೊದಲು ಪರವಾಗಿ ಮತ ಹಾಕಿದ್ದೆ ಎಂದುಬಿಟ್ಟರು. ಅವರಿಗೆ ನಾಲಿಗೆಗೊಂದು ನಿಲುವು ಎಂಬ ಹೆಸರು ಅಂಟಿದ್ದು ಅಲ್ಲಿಂದ. ಆದರೆ ಆ ಮಾತಿನ ಹಿಂದಿನ ಸಂಗತಿ ಗಂಭೀರವಾಗಿತ್ತು. ಶ್ರೀಮಂತರಿಗೆ ಕೊಟ್ಟ ತೆರಿಗೆ ಕಡಿತವನ್ನು ಹಿಂತೆಗೆದು ಯುದ್ಧದ ಖರ್ಚು ತುಂಬೋಣ ಎಂಬ ತಿದ್ದುಪಡಿಗೆ ಅವರು ಪರವಾಗಿದ್ದರು. ಅದು ಬಿದ್ದುಹೋಯಿತು. ಆಮೇಲೆ ಮೂಲ ಮಸೂದೆಗೆ ವಿರೋಧವಾಗಿ ಮತ ಹಾಕಿದರು. ಯುದ್ಧ ಶುರುವಾದ ಅದೇ 2003ರಲ್ಲಿ ತೆರಿಗೆ ಇಳಿಸಿದ ಸರ್ಕಾರ ಅದು. ಈ ಯುದ್ಧದ ಬಿಲ್ಲು ಯಾರು ಕಟ್ಟುತ್ತಾರೆ ಎಂಬ ಪ್ರಶ್ನೆ ಆ ನಗೆಯ ಅಡಿಯಲ್ಲಿ ಹೂತುಹೋಯಿತು.

ಬಲಗಡೆ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಅಲ್ಲಿ ಸುಲಭವಾಗಿ ಸಿಗುವುದು ಒಂದೇ ಸೈನ್ಯದ ಲೆಕ್ಕ. ಸತ್ತ ಇರಾಕಿಗಳ ಲೆಕ್ಕವನ್ನು ಅಮೆರಿಕದ ಸೇನೆ ಆಗ ಹೊರಗೆ ಹೇಳುತ್ತಿರಲಿಲ್ಲ, ಕೆಲವು ಸ್ವಯಂಸೇವಕರು ಪತ್ರಿಕಾ ವರದಿಗಳನ್ನು ಕಲೆಹಾಕಿ ಎಣಿಸುತ್ತಿದ್ದರು. ನಮ್ಮವರೂ ಆ ಹಾಳೆಯಲ್ಲಿದ್ದರು. ಇರಾಕಿಗೆ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳಿದ್ದಕ್ಕೆ ವಾಜಪೇಯಿ ಸರ್ಕಾರ 2003ರ ಜುಲೈನಲ್ಲಿ ಆಗದು ಎಂದಿತ್ತು. ಸೈನಿಕರು ಹೋಗದಿದ್ದರೂ ಕೂಲಿಗೆ ಹೋದವರು ಇದ್ದೇ ಇದ್ದರು. 2004ರ ಜುಲೈನಲ್ಲಿ, ಬಾಸ್ಟನ್ ಅಧಿವೇಶನಕ್ಕೆ ಕೆಲವೇ ದಿನ ಮೊದಲು, ಕುವೈತ್ ಕಂಪನಿಯೊಂದರ ಏಳು ಲಾರಿ ಚಾಲಕರನ್ನು ಇರಾಕಿನಲ್ಲಿ ಒತ್ತೆ ಇಟ್ಟುಕೊಂಡರು. ಅವರಲ್ಲಿ ಮೂವರು ಭಾರತೀಯರು. ಅವರ ಬಿಡುಗಡೆ ಆದದ್ದು ಸೆಪ್ಟೆಂಬರ್ 1ರಂದು, ನ್ಯೂಯಾರ್ಕಿನಲ್ಲಿ ಬುಷ್ ಪಕ್ಷದ ಅಧಿವೇಶನ ನಡೆಯುತ್ತಿದ್ದಾಗ. ಗಲ್ಫಿನಲ್ಲಿ ಮಕ್ಕಳಿರುವ ಮಂಗಳೂರು, ಉಡುಪಿಯ ಮನೆಗಳಲ್ಲಿ ಆ ಸುದ್ದಿಯನ್ನು ಹೇಗೆ ಓದಿರಬಹುದು ಯೋಚಿಸು. ನಿನ್ನ ಓದುಗರು ಅವರೇ.

ಇನ್ನು ಲಿಂಕನ್. 1864ರಲ್ಲಿ, ಅಂತರ್ಯುದ್ಧದ ನಡುವೆ, ಅವರು ಮರು ಆಯ್ಕೆ ಬಯಸಿದಾಗ ಬಲಗಡೆಯೇ ಎಡಗಡೆಯನ್ನು ಅಳಿಸಿ ಬರೆದುಬಿಟ್ಟಿತು. ಆಗಸ್ಟ್ 23ರಂದು ಅವರು, ನಾವು ಸೋಲುವ ಸಂಭವವೇ ಹೆಚ್ಚು ಎಂದು ಚೀಟಿಯಲ್ಲಿ ಬರೆದು ಮಡಚಿ, ಓದಲು ಬಿಡದೆಯೇ ಮಂತ್ರಿಗಳ ಸಹಿ ಹಾಕಿಸಿಕೊಂಡರು. ಎದುರಾಳಿ ಅವರದೇ ಮಾಜಿ ಸೇನಾಪತಿ ಮೆಕ್ಲೆಲನ್. ಆಗಸ್ಟ್ ಕೊನೆಗೆ ಮೆಕ್ಲೆಲನ್ ಪಕ್ಷ ಶಿಕಾಗೋದಲ್ಲಿ ಯುದ್ಧ ವಿಫಲವಾಯಿತೆಂದು ಠರಾವು ಮಾಡಿತು. ಅದರ ಶಾಯಿ ಆರುವ ಮೊದಲೇ, ಸೆಪ್ಟೆಂಬರ್ 2ಕ್ಕೆ, ಜನರಲ್ ಶರ್ಮನ್ ಪಡೆ ಅಟ್ಲಾಂಟಾ ಹಿಡಿಯಿತು. ನವೆಂಬರ್‌ನಲ್ಲಿ ಲಿಂಕನ್‌ಗೆ 212 ಎಲೆಕ್ಟೊರಲ್ ಮತ, ಮೆಕ್ಲೆಲನ್‌ಗೆ 21. ಆಗಸ್ಟ್‌ನಲ್ಲಿ ಭವಿಷ್ಯ ನುಡಿದ ಪಂಡಿತರೆಲ್ಲ ಮಣ್ಣು ಮುಕ್ಕಿದರು, ಅವರ ಸಾಲಿನಲ್ಲಿ ಲಿಂಕನ್ನೂ ಒಬ್ಬರು. ಅದಕ್ಕೇ ಹೇಳುವುದು, ಯುದ್ಧಕಾಲದ ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಬರೆಯಲೇಬೇಡ.

ಫಲಿತಾಂಶ ಬಂದ ಮೇಲೆ ಏಕೆ ಗೆದ್ದರು ಅಂತ ಬರೆಯುವುದಕ್ಕೂ ಅವಸರ ಬೇಡ. 2004ರಲ್ಲಿ ಬುಷ್‌ಗೆ 286, ಕೆರಿಗೆ 251. ಒಹಾಯೋ ರಾಜ್ಯದ 20 ಎಲೆಕ್ಟೊರಲ್ ಮತ ಆಚೀಚೆ ಆಗಿದ್ದರೆ ಅಧ್ಯಕ್ಷರೇ ಬೇರೆ, ಅಲ್ಲಿನ ಅಂತರ 1.2 ಲಕ್ಷ ವೋಟಿನೊಳಗೆ. ಮತಗಟ್ಟೆ ಸಮೀಕ್ಷೆಯಲ್ಲಿ ನೈತಿಕ ಮೌಲ್ಯಗಳೇ ಮುಖ್ಯ ಎಂದವರು ಶೇ 22. ಅದೇ ಎಲ್ಲಕ್ಕಿಂತ ಮೇಲಿದೆ ಎಂದು ಪಂಡಿತರು ವಾರಗಟ್ಟಲೆ ಧರ್ಮ, ಮದುವೆ ಅಂತ ಬರೆದರು. ಕೆಳಗಿನ ಸಾಲು ಎಷ್ಟು ಜನ ಓದಿದರೋ! ಭಯೋತ್ಪಾದನೆ ಎಂದವರು ಶೇ 19, ಇರಾಕ್ ಎಂದವರು ಶೇ 15. ಪ್ರಶ್ನಾವಳಿ ಮಾಡಿದವರು ಯುದ್ಧವನ್ನು ಎರಡು ಹೋಳು ಮಾಡಿದ್ದರು, ಕೂಡಿಸಿದರೆ ಅದೇ ಮೊದಲ ಸ್ಥಾನ. ಭಯೋತ್ಪಾದನೆ ಎಂದವರಲ್ಲಿ ಬಹುಪಾಲು ಬುಷ್ ಕಡೆ, ಇರಾಕ್ ಎಂದವರಲ್ಲಿ ಬಹುಪಾಲು ಕೆರಿ ಕಡೆ. ಇರಾಕಿನಲ್ಲಿ ನಡೆಯುತ್ತಿರುವುದು 2001ರ ಸೆಪ್ಟೆಂಬರ್ 11ರ ದಾಳಿಗೆ ಉತ್ತರವೋ ಅಥವಾ ಬೇರೆಯದೇ ಯುದ್ಧವೋ ಎಂಬುದೇ ಆ ಚುನಾವಣೆಯ ನಿಜವಾದ ಜಗಳವಾಗಿತ್ತು.

ಮತ ಎಣಿಕೆ ಮುಗಿಯಿತೆಂದು ಹಾಳೆ ಎತ್ತಿಡಬೇಡ ತಮ್ಮಾ. ಮುಂದಿನ ವಾರ ಎಡಗಡೆ ಖಾಲಿ ಬಿದ್ದಿರುತ್ತದೆ, ಬಲಗಡೆ ಬರೆಯುತ್ತಾ ಹೋಗು. 2004ರ ಮತದಾನ ನವೆಂಬರ್ 2ಕ್ಕೆ. ಫಲ್ಲೂಜಾ ನಗರದ ಮೇಲಿನ ಮಹಾದಾಳಿ ಶುರುವಾದದ್ದು ನವೆಂಬರ್ 7ಕ್ಕೆ. ಮತದಾನ ಮುಗಿಯಲೆಂದೇ ಕಾದರು ಅಂತ ಆಧಾರವಿಲ್ಲದೆ ನೀನು ಬರೆಯಬಾರದು, ಎರಡು ತಾರೀಕುಗಳನ್ನು ಪಕ್ಕಪಕ್ಕ ಇಡು, ಸಾಕು. ಇರಾಕಿನಲ್ಲಿ ಅಮೆರಿಕದ ಸೈನಿಕರು ಅತಿ ಹೆಚ್ಚು ಸತ್ತ ತಿಂಗಳು ಅದೇ ನವೆಂಬರ್.