ಮಲೆನಾಡಿನ ಅಡಕೆ ತೋಟಗಳಿಗೆ ಸುಣ್ಣ

ಶಿರಸಿ, ಸಾಗರ, ತೀರ್ಥಹಳ್ಳಿ ಸೀಮೆಯ ತೋಟಗಳಿಗೆ ಬೆಟ್ಟದ ಸೊಪ್ಪನ್ನೂ ಕೊಟ್ಟಿಗೆ ಗೊಬ್ಬರವನ್ನೂ ಹಾಕುವುದು ರೂಢಿಯಾಗಿದೆ. ಇಷ್ಟೇ ಸಾಕೆಂದು ಭಾವಿಸುವುದು ಸರಿಯಲ್ಲ. ಅಲ್ಲಿನ ಅತಿವೃಷ್ಟಿಯು ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸತ್ತ್ವಗಳನ್ನು ತೊಳೆದೊಯ್ಯುವುದರಿಂದ ಭೂಮಿಯು ಹುಳಿಯಾಗಿ, ಬೇರು ಕುಗ್ಗಿ, ಹಾಕಿದ ಗೊಬ್ಬರದ ಸಾರವೂ ಮರಕ್ಕೆ ಪೂರ್ತಿಯಾಗಿ ದಕ್ಕದು. ಸೊಪ್ಪು ಬೆಳೆಯುವ ಬೆಟ್ಟವೂ ಅದೇ ಮಳೆಯಲ್ಲಿ ತೊಳೆದುದೇ ಅಲ್ಲವೆ? ಆ ಸೊಪ್ಪು ಈ ನಷ್ಟವನ್ನು ತುಂಬಲಾರದು.

ಮಣ್ಣು ಹುಳಿಯೆಂದು ಪರೀಕ್ಷೆಯಿಂದ ತಿಳಿದುಬಂದಲ್ಲಿ, ಎರಡು ಮೂರು ವರ್ಷಗಳಿಗೊಮ್ಮೆ ಮುಂಗಾರಿಗೆ ಮುಂಚೆ ಮರವೊಂದಕ್ಕೆ ಸುಮಾರು 500 ಗ್ರಾಂ ಸುಣ್ಣವನ್ನು ಬುಡದ ಸುತ್ತ ಎರಚಿ ಮಣ್ಣಿನಲ್ಲಿ ಬೆರಸತಕ್ಕದ್ದು. ಮೆಗ್ನೀಸಿಯಮೂ ಕಡಮೆಯಾಗಿದ್ದರೆ ಡಾಲೊಮೈಟ್ ಕಲ್ಲಿನ ಪುಡಿಯೇ ಮೇಲು. ಅದರಲ್ಲಿ ಎರಡೂ ಉಂಟು. ಸುಣ್ಣವನ್ನು ಹಸಿ ಸಗಣಿಯೊಡನೆ ಎಂದಿಗೂ ಕಲಸಬಾರದು. ಸಾರಜನಕವು ಅಮೋನಿಯವಾಗಿ ಹಾರಿಹೋಗುವುದು. ಬಯಲುಸೀಮೆಯ ಎರೆಭೂಮಿಯಲ್ಲಿ ಸಾಮಾನ್ಯವಾಗಿ ಸುಣ್ಣವು ಹೇರಳವಾಗಿರುವುದರಿಂದ ಅಲ್ಲಿಯ ಹಿಡುವಳಿದಾರರಿಗೆ ಈ ಖರ್ಚು ಬೇಕಾಗಿಲ್ಲ.