ಬಳ್ಳಿಗಳು ಹತ್ತುವ ಬಗೆ

ಬಳ್ಳಿಯೆಂದರೆ ಆಸರೆಯನ್ನು ಬೇಡುವ ಸಸ್ಯವೆಂದು ನಾವೆಲ್ಲರೂ ಬಲ್ಲೆವು. ಆದರೆ ಆ ಆಸರೆಯನ್ನು ಹಿಡಿದುಕೊಳ್ಳುವ ರೀತಿಯು ಎಲ್ಲ ಬಳ್ಳಿಗಳಲ್ಲಿ ಒಂದೇ ಆಗಿರುವದಿಲ್ಲ. ಚಾರ್ಲ್ಸ್ ಡಾರ್ವಿನನು 1865ರಲ್ಲಿ ಈ ವಿಷಯವಾಗಿ ದೀರ್ಘವಾದ ಪ್ರಬಂಧವೊಂದನ್ನು ಪ್ರಕಟಿಸಿ, ಸುತ್ತುವವು, ಎಲೆ ಅಥವಾ ತಂತುಗಳಿಂದ ಹಿಡಿಯುವವು, ಕೊಕ್ಕೆಗಳಿಂದ ತೊಡರುವವು, ಬೇರುಗಳಿಂದ ಅಂಟುವವು ಎಂದು ಅವುಗಳನ್ನು ವಿಂಗಡಿಸಿದನು. ಇವನ್ನು ನೋಡುವದಕ್ಕೆ ನಾವು ದೂರ ಹೋಗಬೇಕಾಗಿಲ್ಲ; ಹೆಚ್ಚಿನವು ಹಿತ್ತಲಲ್ಲಿಯೇ ಇವೆ.

ಅವರೆಯ ಬಳ್ಳಿಯಲ್ಲಿ ಕಾಂಡವೇ ಕೋಲನ್ನು ಸುತ್ತಿ ಮೇಲೇರುವದು. ಅದರ ಎಳೆಯ ತುದಿಯು ಮೆಲ್ಲನೆ ವರ್ತುಲವಾಗಿ ತಿರುಗುತ್ತ ಆಸರೆಯನ್ನು ಹುಡುಕುತ್ತದೆ. ಇಂಥ ಬಳ್ಳಿಗೆ ತೆಳುವಾದ ಕೋಲು ಬೇಕು. ದಪ್ಪ ಕಂಬವನ್ನು ಅದು ಸುತ್ತಲಾರದು.

ಹೀರೆ, ಹಾಗಲಗಳ ಕಾಂಡವು ಸುತ್ತುವದಿಲ್ಲ. ಗೆಣ್ಣಿನಲ್ಲಿ ಹುಟ್ಟುವ ನೂಲಿನಂಥ ತಂತು ಕಡ್ಡಿಯನ್ನು ಮುಟ್ಟಿದೊಡನೆ ಅದರತ್ತ ಬಾಗಿ ಸುತ್ತಿಕೊಳ್ಳುವದು. ಬಳಿಕ ಉಳಿದ ಭಾಗವು ಸುರುಳಿಯಾಗಿ ಬಳ್ಳಿಯನ್ನು ಹತ್ತಿರಕ್ಕೆ ಎಳೆಯುತ್ತದೆ. ಆ ಸುರುಳಿಯನ್ನು ಸೂಕ್ಷ್ಮವಾಗಿ ನೋಡಿರಿ: ಅರ್ಧವು ಒಂದು ದಿಕ್ಕಿಗೂ ಇನ್ನರ್ಧವು ಎದುರು ದಿಕ್ಕಿಗೂ ನುಲಿದಿರುವದು. ಎರಡೂ ತುದಿಗಳನ್ನು ಕಟ್ಟಿದ ದಾರವನ್ನು ನಡುವೆ ಹಿಡಿದು ತಿರುಗಿಸಿದರೂ ಹೀಗೆಯೇ ಆಗುವದಷ್ಟೆ. ಬಿರುಗಾಳಿ ಬೀಸಿದಾಗ ಈ ಸುರುಳಿಯು ಹಿಗ್ಗಿ ಕುಗ್ಗುವದರಿಂದ ತಂತು ಹರಿಯದು. ಹೀರೆಗೆ ಕಡ್ಡಿಗಳ ಚಪ್ಪರವನ್ನು ಹಾಕುವ ನಮ್ಮ ಹಿರಿಯರು ಈ ಶಾಸ್ತ್ರವನ್ನು ಓದಿದವರಲ್ಲ, ಆದರೂ ಬಲ್ಲವರಾಗಿದ್ದರು! ಬೆತ್ತವು ಮುಳ್ಳಿನ ಕೊಕ್ಕೆಗಳಿಂದ ಕಾಡಿನ ಮರಗಳನ್ನು ತೊಡರಿಕೊಂಡು ಏರುತ್ತದೆ.

ಕರಿಮೆಣಸಿನ ಬಳ್ಳಿಯ ವಿಷಯದಲ್ಲಿ ಮಾತ್ರ ನಾವು ತಪ್ಪಿದೆವು. ನಮ್ಮ ಹಿತ್ತಲಿನ ಮಾವಿನ ಮರಕ್ಕೆ ತಾಯಿಯವರು ಹಬ್ಬಿಸಿದ್ದ ಮೆಣಸಿನ ಬಳ್ಳಿಯಿತ್ತು. ಮರವು ಸೊರಗತೊಡಗಿದಾಗ, ತೊಗಟೆಗೆ ಅಂಟಿದ ಆ ಬೇರುಗಳೇ ಮರದ ರಸವನ್ನು ಹೀರುತ್ತಿವೆಯೆಂದು ತಿಳಿದು ಬಳ್ಳಿಯನ್ನು ಬುಡದಲ್ಲಿಯೇ ಕಡಿಸಿದೆವು. ಮರವು ಚೇತರಿಸಲಿಲ್ಲ. ಆಮೇಲೆ ಆಳನ್ನು ಹತ್ತಿಸಿ ನೋಡಲಾಗಿ, ಮೇಲಿನ ಕೊಂಬೆಗಳಲ್ಲಿ ಬಂದಳಿಕೆಯು ದಟ್ಟವಾಗಿ ಬೆಳೆದಿತ್ತು. ಮೆಣಸಿನ ಅಂಟುಬೇರುಗಳು ಹಿಡಿತಕ್ಕೆ ಮಾತ್ರ. ಆ ಬಳ್ಳಿಯು ತನ್ನ ಆಹಾರವನ್ನು ನೆಲದಲ್ಲಿರುವ ಬೇರುಗಳಿಂದಲೂ ತನ್ನ ಹಸುರೆಲೆಗಳಿಂದಲೂ ಪಡೆಯುವದು. ಬಂದಳಿಕೆಯಾದರೋ ಬಳ್ಳಿಯಲ್ಲದಿದ್ದರೂ ಕೊಂಬೆಯೊಳಕ್ಕೆ ಹೀರುಬೇರನ್ನು ಇಳಿಸಿ ನೀರನ್ನೂ ಲವಣಗಳನ್ನೂ ಕಸಿದುಕೊಳ್ಳುತ್ತದೆ. ನಿರಪರಾಧಿಯನ್ನು ದಂಡಿಸಿದ್ದೆವು. ತಾಯಿಯವರು ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಬಂದಳಿಕೆ ಹಿಡಿದ ಕೊಂಬೆಗಳನ್ನು ಕಡಿಸಿದ ಮೇಲೆ ಮಾವು ಚಿಗುರಿತು. ಮಳೆಗಾಲ ಹಿಡಿದಾಗ ನೆರೆಮನೆಯಿಂದ ಮೆಣಸಿನ ಕುಡಿಗಳನ್ನು ತರುವದಕ್ಕೆ ಹೋದೆವು. ಗೊಂಚಲು ಬಿಡುವ ಅಡ್ಡರೆಂಬೆಗಳನ್ನೇ ನಾವು ಮುರಿಯಹೊರಟಾಗ ತಾಯಿಯವರು ತಡೆದರು. ಆ ರೆಂಬೆಗಳಲ್ಲಿ ಅಂಟುಬೇರುಗಳಿಲ್ಲ. ಅವನ್ನು ನೆಟ್ಟರೆ ಗಿಡವು ಮರವನ್ನು ಹತ್ತದೆ ಪೊದೆಯಾಗಿ ನಿಲ್ಲುವದು. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಕುಡಿಗಳನ್ನು ಅವರೇ ಆರಿಸಿ ಕೊಟ್ಟರು. ಮೂರನೆಯ ವರ್ಷ ಆ ಬಳ್ಳಿಯಲ್ಲಿ ಮೊದಲ ಗೊಂಚಲುಗಳು ಬಂದವು.