ನಕಲು ಇದೆ ಸರಿ, ತೆರೆಯುತ್ತದೆಯೇ?

ಮಕ್ಕಳೇ, ದೊಡ್ಡ ಕಂಪ್ಯೂಟರಿನೊಳಗೆ ತಂತ್ರಾಂಶದಿಂದಲೇ ರೂಪಿಸಿದ ಇನ್ನೊಂದು ಕಂಪ್ಯೂಟರೇ ವರ್ಚುವಲ್ ಮಷಿನ್. ಅದರ ಡಿಸ್ಕನ್ನು ಫೋಟೋ ತೆಗೆದ ಹಾಗೆ ಒಂದೇ ಕ್ಷಣದ ಸ್ಥಿತಿಯಲ್ಲಿ ಹಿಡಿದಿಡಬಹುದು, ಇದು ಸ್ನ್ಯಾಪ್‌ಶಾಟ್. ಆದರೆ ಡೇಟಾಬೇಸ್ ಕೆಲಸ ಮಾಡ್ತಿರುವಾಗ ಕೆಲವು ಮಾಹಿತಿ ಇನ್ನೂ ಮೆಮೊರಿಯಲ್ಲೇ ಇರುತ್ತದೆ. ಆಗ ತೆಗೆದ ನಕಲು, ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಲೆಕ್ಕದಂತೆ. ಆದ್ದರಿಂದ ಮೆಮೊರಿಯಲ್ಲಿರುವುದನ್ನು ಮೊದಲು ಡಿಸ್ಕಿಗೆ ಬರೆಸಿ, ಬರವಣಿಗೆಯನ್ನು ಕ್ಷಣಕಾಲ ತಡೆದು, ಆಮೇಲೆ ಸ್ನ್ಯಾಪ್‌ಶಾಟ್ ತೆಗೆಯಬೇಕು.

ಅಷ್ಟೇ ಸಾಲದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಡೇಟಾಬೇಸ್ ತಪ್ಪಾಗಿ ಅಳಿಸಿಹೋಯಿತು. ದಿನವೂ ಆಗಬೇಕಿದ್ದ ಬ್ಯಾಕಪ್, ತಂತ್ರಾಂಶದ ಆವೃತ್ತಿ ಹೊಂದದೆ ಆಗ್ತಾನೇ ಇರಲಿಲ್ಲ. ಅದು ಯಾರಿಗೂ ಗೊತ್ತಾಗಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ ಕಾಪಾಡಿತು. ಆ 6 ಗಂಟೆಗಳಲ್ಲಿ ಸೇರಿದ ಮಾಹಿತಿ ಮಾತ್ರ ಮರಳಲಿಲ್ಲ.

ನಕಲನ್ನು ಬೇರೆ ಯಂತ್ರದಲ್ಲಿಡಿ. ಆಗಾಗ ತೆರೆದು ಪರೀಕ್ಷಿಸಿ.